ಅಂಚಿನಲ್ಲಿದ್ದ ಮೀನು

"ಅಲ್ಲಾಡಬೇಡಮ್ಮ, ಚುಚ್ಚಿಬಿಡುತ್ತೆ" ಎಂದು ಅತ್ತಿಗೆ ಮತ್ತೊಮ್ಮೆ ಹೇಳಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಮಾತು ಅರ್ಧ ಹಲ್ಲಿನ ಸಂದಿಯಲ್ಲೇ ಉಳಿಯಿತು. ಸ್ಟೂಲಿನ ಮೇಲೆ ನಿಂತಿದ್ದ ಹುಡುಗಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಹೊಸ ಪ್ಯಾಂಟಿನ ಒಂದು ಕಾಲನ್ನು ಮಡಿಸಿ ಸೂಜಿ ಹಾಕಿಯಾಗಿತ್ತು, ಇನ್ನೊಂದು ಕಾಲು ಸ್ಟೂಲಿನಿಂದ ಕೆಳಗೆ ಜೋತಾಡುತ್ತಿತ್ತು. ಆಕೆ ಅದೇ ಅವತಾರದಲ್ಲಿ ಕತ್ತು ಚಾಚಿ, ತೆರೆದಿದ್ದ ಬೀರುವಿನೊಳಗೆ ಇಣುಕುತ್ತಿದ್ದಳು.

"ಆಂಟಿ, ಅದೇನದು?"

"ಯಾವುದು, ಕೋಟಾ? ಪಕ್ಕದ ಬೀದಿ ಡಾಕ್ಟರದ್ದು. ಒಳಗಿನ ಲೈನಿಂಗ್ ಹರಿದಿದೆ."

"ಕೋಟಲ್ಲ. ಅದರ ಕೆಳಗೆ ಹಾಸಿದೀರಲ್ಲ, ಆ ಕಾಗದ."

ಬಟ್ಟೆ ಕೊಡಲು ಬಂದವರು ಬೀರುವಿನಲ್ಲಿ ತಮ್ಮ ಬಟ್ಟೆ ಎಲ್ಲಿದೆ ಎಂದು ನೋಡುವುದು ಇತ್ತು, ಇನ್ನೂ ಯಾಕೆ ಹೊಲಿದಿಲ್ಲ ಎಂದು ಜಗಳ ತೆಗೆಯುವುದೂ ಇತ್ತು. ಬೀರುವಿನ ಹಲಗೆಗೆ ಹಾಸಿದ ಕಾಗದವನ್ನು ಕೇಳಿದವರಲ್ಲಿ ಇವಳೇ ಮೊದಲು. ಅತ್ತಿಗೆ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮಣಿಕಟ್ಟಿಗೆ ಕಟ್ಟಿದ್ದ ಸೂಜಿದಿಂಬಿಗೆ ಚುಚ್ಚಿದಳು. ಯಾಕೋ ನಾಚಿಕೆಯಾಯಿತು. ಒಳಗಿನದ್ದು ಏನೋ ಹೊರಗೆ ಕಂಡುಬಿಟ್ಟಂತೆ ಸೆರಗು ಸರಿಮಾಡಿಕೊಂಡಳು.

ಅತ್ತಿಗೆ ಎಂದರೆ ಇಡೀ ಬೀದಿಗೇ ಅತ್ತಿಗೆ. ನಾದಿನಿ ಮದುವೆಯಾಗಿ ಹೋಗುವ ತನಕ ಕಿಟಕಿಯಿಂದ ಗಂಟಲು ಹರಿದುಕೊಂಡು "ಅತ್ತಿಗೇ" ಎಂದು ಕೂಗುತ್ತಿದ್ದುದರ ಫಲ ಅದು. ನಾದಿನಿ ಹೋದಳು, ಹೆಸರು ಉಳಿಯಿತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹೊಸದನ್ನು ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಸರಿಮಾಡುವುದರಲ್ಲೇ ಅವಳ ಕೈ ಪಳಗಿತ್ತು. ಗಂಡ ಬಣ್ಣದ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮಷಿನ್ ಓಡಿಸುತ್ತಿದ್ದ. ಅವನಿಗೆ ಅಲ್ಲಿ ಮಿಲಿಮೀಟರ್ ಎಂದು ಹೆಸರು. ಕೆಂಪಿನ ಮೇಲೆ ನೀಲಿ ಕೂರುವಾಗ ಕೂದಲೆಳೆಯಷ್ಟು ಆಚೀಚೆಯಾದರೂ ಮಷಿನ್ ನಿಲ್ಲಿಸಿ, ಭೂತಗನ್ನಡಿ ಹಿಡಿದು, ಎಲ್ಲರ ಪ್ರಾಣ ಹಿಂಡುವ ಆಸಾಮಿ. ಮನೆಯಲ್ಲಿ ಗೋಡೆಯ ಫೋಟೋ ಸೊಟ್ಟಗಿದ್ದರೆ ಊಟಕ್ಕೆ ಕೂತವನು ಎದ್ದುಬಿಡುತ್ತಿದ್ದ.

ಆ ಕಾಗದಗಳೂ ಪ್ರೆಸ್ಸಿನವೇ. ಹೊಸ ಕೆಲಸ ಶುರುಮಾಡುವ ಮೊದಲು ಮಷಿನ್ನಿನ ಬಣ್ಣ, ಒತ್ತಡ, ಜಾಗ ಎಲ್ಲ ಹದಕ್ಕೆ ಬರಬೇಕು. ಅದಕ್ಕೆ ಒಳ್ಳೆಯ ಕಾಗದ ಹಾಳುಮಾಡುತ್ತಾರೆಯೇ? ಹಿಂದಿನ ಕೆಲಸದ ಕೆಟ್ಟ ಹಾಳೆಗಳನ್ನೇ ಮತ್ತೆ ಮಷಿನ್ನಿಗೆ ಕೊಡುತ್ತಾರೆ. ಅವನ್ನೇ ಮುಂದಿನ ಕೆಲಸಕ್ಕೂ, ಅದರ ಮುಂದಿನದಕ್ಕೂ. ಹೀಗೆ ಒಂದೇ ಹಾಳೆಯ ಮೇಲೆ ಸೋಪಿನ ಕಾಗದ, ಅದರ ಮೇಲೆ ಕೆಮ್ಮಿನ ಔಷಧಿಯ ಡಬ್ಬಿ, ಅದರ ಮೇಲೆ ಶಾಲೆಯ ನಕ್ಷೆ, ಎಲ್ಲ ಒಂದರ ಹೆಗಲ ಮೇಲೊಂದು ಹತ್ತಿ ಕೂತಿರುತ್ತವೆ. ಮಿಲಿಮೀಟರ್ ವಾರಕ್ಕೊಮ್ಮೆ ಅಂಥದ್ದೊಂದು ಹೊರೆ ಮನೆಗೆ ತಂದು ಮೂಲೆಗೆ ಹಾಕುತ್ತಿದ್ದ. ಬೀರುವಿಗೋ ಒಲೆಯ ಕಟ್ಟೆಗೋ ಬೇಕಾಗುತ್ತದೆ ಎಂದು.

ಹುಡುಗಿ ಸ್ಟೂಲಿನಿಂದ ಇಳಿದು, ಸೂಜಿ ಹಾಕಿದ ಕಾಲನ್ನು ನೆಟ್ಟಗೆ ಚಾಚಿ ನೆಲದ ಮೇಲೆ ಕೂತಿದ್ದಳು. ಅವಳದ್ದು ವಿಚಿತ್ರ ಕಸುಬು. ಹಳೆಯ ಬೆಂಕಿಪೊಟ್ಟಣದ ಚಿತ್ರ, ಬಿಸ್ಕತ್ತಿನ ತಗಡಿನ ಡಬ್ಬ, ಅಂಗಡಿಗಳ ಹಳೇ ಬೋರ್ಡು, ಈಗಿನವರು ಬರೆದ ಎಂಥೆಂಥದೋ ಚಿತ್ರ, ಎಲ್ಲ ಹುಡುಕಿ ತಂದು ಒಂದು ದೊಡ್ಡ ಕೋಣೆಯ ಗೋಡೆಗೆ ಹಾಕಿ ಜನರನ್ನು ಕರೆಯುವುದು. ಅದಕ್ಕೆ ಸಂಬಳವೂ ಉಂಟು ಎಂದಾಗ ಅತ್ತಿಗೆ ನಂಬಲಿಲ್ಲ.

"ಇಂಥವು ಇನ್ನೂ ಇದೆಯಾ ಆಂಟಿ?"

ಇದೆ. ಆದರೆ ಹೇಳುವುದೋ ಬೇಡವೋ ಎಂದು ಅತ್ತಿಗೆ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಹೊರೆ ಬಂದ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಅವಳು ಅದನ್ನು ನೆಲದ ಮೇಲೆ ಹರಡಿಕೊಂಡು ಒಂದೊಂದೇ ಹಾಳೆ ಮಗುಚುತ್ತಿದ್ದಳು. ಬಹುಪಾಲು ಬರೀ ಗಲೀಜು. ಅಪರೂಪಕ್ಕೊಂದು ಮಾತ್ರ ಕೈಯನ್ನು ಹಿಡಿದು ನಿಲ್ಲಿಸುತ್ತಿತ್ತು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅಂಥದ್ದು ಹಾಸಿಗೆಯ ಕೆಳಗೆ ಹೋಗುತ್ತಿತ್ತು, ಉಳಿದದ್ದು ಗುಜರಿಗೆ. ಮದುವೆಯಾದ ಹೊಸದರಿಂದ ನಡೆದುಬಂದ ಈ ಸಂಗತಿ ಅದೇ ಹಾಸಿಗೆಯ ಮೇಲೆ ಮಲಗುವ ಗಂಡನಿಗೂ ಗೊತ್ತಿರಲಿಲ್ಲ.

ಕೊನೆಗೆ ಅವಳು ಹಾಸಿಗೆ ಎತ್ತಿದಳು.

ಹುಡುಗಿ ಹಾಳೆ ಮಗುಚುತ್ತ ಹೋದಳು. ಒಂದು ಹಾಳೆ ಬಂದಾಗ ಅವಳ ಕೈ ನಿಂತಿತು. ಅತ್ತಿಗೆ ಹತ್ತಿರ ಬಂದು ಬಗ್ಗಿದಳು, ಯಾಕೆಂದರೆ ಅವಳ ಕೈಯೂ ಯಾವಾಗಲೂ ಅಲ್ಲೇ ನಿಲ್ಲುತ್ತಿತ್ತು. ಶಾಲೆಯ ಪಟದ ಮೀನುಗಳ ಮೇಲೆ ಯಾವುದೋ ಕಂಪನಿಯ ಕೊಡೆಗಳು ಬಿದ್ದಿದ್ದವು. ನೀರಿನೊಳಗಿನ ಮೀನುಗಳೆಲ್ಲ ನೆನೆಯಬಾರದೆಂದು ಕೊಡೆ ಹಿಡಿದು ಹೊರಟಿದ್ದವು. ಬಲಗಡೆ, ತೀರಾ ಅಂಚಿನಲ್ಲಿ, ಇನ್ನೊಂದು ಮೀನಿತ್ತು. ಮಷಿನ್ನಿನ ಯಾವುದೋ ಓಟದಲ್ಲಿ ಕಾಗದ ಸೊಟ್ಟಗೆ ನುಗ್ಗಿ, ಅದರ ಹಳದಿ ಬಣ್ಣವೊಂದೇ ಅಲ್ಲಿ ಅಂಟಿತ್ತು. ಕಣ್ಣಿಲ್ಲ, ಗೆರೆಯಿಲ್ಲ, ಕೊಡೆಯೂ ಇಲ್ಲ. ತಲೆ ಆಗಲೇ ಕಾಗದ ದಾಟಿ ಹೋಗಿ, ಬಾಲ ಮಾತ್ರ ಒಳಗಿತ್ತು.

"ಇದು ಯಾರು ಮಾಡಿದ್ದು ಆಂಟಿ?"

"ನಮ್ಮನೆಯವರು" ಎಂದುಬಿಟ್ಟಳು ಅತ್ತಿಗೆ. ಮನೆಗೆ ಬಂದವರು ಯಾವುದನ್ನು ಕೇಳಿದರೂ ಹಾಗೆ ಹೇಳಿ ಅಭ್ಯಾಸ. ಹೇಳಿದ ಮೇಲೆ ಏನೋ ಬಿಟ್ಟುಹೋಯಿತು ಅನ್ನಿಸಿತು. ಆದರೆ ಸುಳ್ಳೇನೂ ಹೇಳಲಿಲ್ಲವಲ್ಲ ಎಂದುಕೊಂಡಳು. ಹುಡುಗಿ, ಭಾನುವಾರ ಬಂದು ಅವರನ್ನೇ ಕಾಣುತ್ತೇನೆ, ಗೋಡೆಗೆ ಹಾಕಲು ಹಾಳೆಗಳನ್ನು ಅವರ ಮುಂದೆಯೇ ಆರಿಸುತ್ತೇನೆ ಎಂದಳು. ಆ ಸಂಭ್ರಮದಲ್ಲಿ ಪ್ಯಾಂಟಿನ ಇನ್ನೊಂದು ಕಾಲಿಗೆ ಸೂಜಿ ಹಾಕಿಸಿಕೊಳ್ಳುವುದನ್ನೇ ಮರೆತು ಹೋದಳು.

ಭಾನುವಾರ ಹುಡುಗಿ ಬರುತ್ತಾಳೆ, ಹಾಳೆಗಳು ಹಾಸಿಗೆಯ ಕೆಳಗಿವೆ ಎಂದು ಅತ್ತಿಗೆ ಹೇಳಿದಾಗ ಮಿಲಿಮೀಟರ್ ಮೊದಲು ಮುಖ ಊದಿಸಿದ.

"ಕಸ ನೋಡೋಕೆ ಬರ್ತಾಳಂತಾ? ನನ್ನ ಕೆಲಸ ನೋಡ್ಬೇಕು ಅಂದ್ರೆ ಆ ಹೂವಿನ ಕ್ಯಾಲೆಂಡರ್ ನೋಡ್ಲಿ. ಎಸಳಿನ ಮೇಲಿನ ನೀರಹನಿ ಸಮೇತ ಕೂತಿದೆ."

"ಅವಳಿಗೆ ಇದೇ ಚೆನ್ನಾಗಿ ಕಾಣಿಸ್ತಂತೆ ಕಣ್ರೀ. ದೊಡ್ಡ ಕಲಾವಿದರು ಅಂದ್ಲು ನಿಮ್ಮನ್ನ."

ಕಲಾವಿದ ಎಂಬ ಮಾತು ಅವನ ಕಿವಿಗೆ ಬಿದ್ದು, ಅಲ್ಲಿಂದ ನಿಧಾನವಾಗಿ ಒಳಗಿಳಿಯಿತು. ಶುಕ್ರವಾರದ ಹೊತ್ತಿಗೆ ಮುಖದ ಊತ ಇಳಿದಿತ್ತು. ಕನ್ನಡಿಯೆದುರು ನಿಂತು ಮೀಸೆ ಕತ್ತರಿಸಿಕೊಂಡ. ಅತ್ತಿಗೆ ಒಳಗೊಳಗೇ ನಕ್ಕಳು, ಅವನ ಖುಷಿ ನೋಡಿ ಅವಳಿಗೂ ಖುಷಿಯೇ ಆಗಿತ್ತು. ಆ ಮೀನಿನ ಹಾಳೆ ಗೋಡೆಯ ಮೇಲೆ ಬಂದರೆ ಸಾಕು, ತಾನು ದೂರ ನಿಂತು ನೋಡುತ್ತೇನೆ, ಯಾರ ಹೆಸರಾದರೂ ಇರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶನಿವಾರ ಹೊಲಿದ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಹಾಸಿಗೆಯ ಕೆಳಗಿನ ಹಾಳೆಗಳಿರಲಿಲ್ಲ. ಬೀರು, ಒಲೆಯ ಕಟ್ಟೆ, ಮೂಲೆ ಎಲ್ಲ ಹುಡುಕಿದಳು. ಸಂಜೆ ಮಿಲಿಮೀಟರ್ ಕಂಕುಳಲ್ಲಿ ಒಂದು ಕಟ್ಟು ಹಿಡಿದು ಬಂದ. ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಮೂಲೆಗಳನ್ನು ಮಡಿಸಿ, ಗಿರಾಕಿಗೆ ಕೊಡುವ ಮಾಲಿನಂತೆ ಸಿದ್ಧಮಾಡಿದ್ದ.

"ನೋಡೀಗ" ಎಂದ. "ನಾಲ್ಕೂ ಕಡೆ ಕಟಿಂಗ್ ಹೊಡೆಸಿದೀನಿ. ಎಲ್ಲಾ ಒಂದೇ ಅಳತೆ. ಅಂಚು ಕತ್ತರಿಸದೆ ಇರೋ ಹಾಳೆ ನಮ್ಮ ಪ್ರೆಸ್ಸಿಂದ ಗಿರಾಕಿ ಕೈಗೆ ಹೋಗಿದ್ದೇ ಇಲ್ಲ. ಅಂಥದ್ರಲ್ಲಿ ನನ್ನ ಹೆಸರಲ್ಲಿ ಗೋಡೆಗೆ ಹಾಕೋದು ಅಂದ್ರೆ."

ಅತ್ತಿಗೆ ದಾರ ಬಿಚ್ಚಿದಳು. ಬ್ಲೇಡಿನ ಏಟಿಗೆ ಹಾಳೆಗಳ ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ಕೊಡೆ ಹಿಡಿದ ಮೀನುಗಳು ನಡುವಿನಲ್ಲಿ ಹಾಗೇ ಇದ್ದವು. ಬಲಗಡೆ ಏನೂ ಇರಲಿಲ್ಲ.

"ಹಳದಿ ಮೀನು ಎಲ್ಲಿ?"

"ಯಾವ ಮೀನು?"

"ಇಲ್ಲಿತ್ತಲ್ರೀ. ಆಚೆ ಹೋಗ್ತಿತ್ತು."

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. "ಅಂಚಲ್ಲಿ ಬಣ್ಣ ಜಾಗ ತಪ್ಪಿ ಔಟಾಗಿತ್ತು. ಅದಕ್ಕೇ ತೆಗೆಸಿದ್ದು" ಎಂದ.

ಅತ್ತಿಗೆ ಅಳುವವಳಲ್ಲ. ಆದರೆ ಈಗ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತು ಅತ್ತಳು. ಅಳುತ್ತಲೇ ಹೇಳಿದಳು. ಪ್ರತಿ ಹೊರೆಯನ್ನೂ ನೆಲಕ್ಕೆ ಹರಡುವುದು, ಕೈ ನಿಲ್ಲುವುದು, ಬೇಜಾರಾದಾಗ ಹಾಸಿಗೆ ಎತ್ತಿ ನೋಡುವುದು, ನಾದಿನಿ ಮದುವೆಯಾಗಿ ಹೋದ ವರ್ಷ ಮನೆ ಬಿಕೋ ಎನ್ನುವಾಗ ಈ ಮೀನನ್ನು ದಿನಾ ನೋಡಿದ್ದು. "ಎಲ್ಲಾ ಕೊಡೆ ಹಿಡ್ಕೊಂಡು ಸಾಲಾಗಿ ಹೋಗ್ತವೆ. ಇದೊಂದೇ ನೆನೀಲಿ ಬಿಡು ಅಂತ ಆಚೆ ಹೊರಟಿತ್ತು. ಅದಕ್ಕೇ ಇಟ್ಕೊಂಡಿದ್ದೆ ನಾನು. ಕೊಡೆಗಳಿಗೋಸ್ಕರ ಅಲ್ಲ."

ಮಿಲಿಮೀಟರ್ ಕೇಳುತ್ತ ನಿಂತಿದ್ದ. ಹೆಂಡತಿ ಇಷ್ಟುದ್ದ ಮಾತಾಡಿದ್ದನ್ನು ಅವನು ಕೇಳಿದ್ದೇ ಅಪರೂಪ. ಹಾಳೆಯ ಬಲಗಡೆಯ ಅಂಚನ್ನು ಬೆರಳಿಂದ ಸವರಿದ.

ಬೆಳಿಗ್ಗೆ ಅವಳು ಎದ್ದಾಗ ಅವನು ಮನೆಯಲ್ಲಿರಲಿಲ್ಲ. ಬಂದಾಗ ಅಂಗಿಯ ಮೊಣಕೈ ತನಕ ಕಾಗದದ ದೂಳು ಮೆತ್ತಿಕೊಂಡಿತ್ತು. ಕಾವಲಿನವನನ್ನು ಎಬ್ಬಿಸಿ ಪ್ರೆಸ್ಸಿನ ಬೀಗ ತೆಗೆಸಿದ್ದನಂತೆ. ಕತ್ತರಿಸಿದ ಚೂರುಗಳನ್ನೆಲ್ಲ ಗುಜರಿಯವನು ಹಿಂದಿನ ಸಂಜೆಯೇ ಒಯ್ದಿದ್ದ. ಅಷ್ಟು ಹೇಳಿ ಕೈ ತೊಳೆಯಲು ಹೋದ, ಬಹಳ ಹೊತ್ತು ನಲ್ಲಿಯ ಸದ್ದು ಬರುತ್ತಲೇ ಇತ್ತು.

ಹುಡುಗಿ ಬಂದಳು. ಕಟ್ಟು ಬಿಚ್ಚಿದ ಕೂಡಲೇ ಅವಳ ಮುಖ ಸಪ್ಪಗಾಯಿತು, ಆದರೂ ಮರ್ಯಾದೆಯವಳು, ಹಾಳೆಗಳನ್ನು ಒಂದೊಂದಾಗಿ ಹರಡತೊಡಗಿದಳು. ಅತ್ತಿಗೆ ಎಲ್ಲೋ ನೋಡುತ್ತ ನಿಂತಳು.

"ನಾನೇ ಕತ್ತರಿಸಿದ್ದು" ಎಂದ ಮಿಲಿಮೀಟರ್. "ತಪ್ಪಾಯ್ತು. ಉಳಿದಿರೋದ್ರಲ್ಲಿ ನಿಮಗೆ ಬೇಕಾದ್ದು ತಗೊಳ್ಳಿ."

ಹುಡುಗಿ ಕೆಲವನ್ನು ಆರಿಸಿದಳು. ಮೀನಿನ ಹಾಳೆಯನ್ನು ಎತ್ತಿ, ನೋಡಿ, ಕೆಳಗಿಟ್ಟಳು. ಆಮೇಲೆ ಪೆನ್ನು ತೆಗೆದು, "ಚಿತ್ರದ ಕೆಳಗೆ ಸಾರ್ ಹೆಸರು ಹೇಗೆ ಬರೀಲಿ?" ಎಂದಳು.

"ನನ್ನ ಹೆಸರು ಬೇಡ" ಎಂದ ಅವನು. ಬೇರೆ ಯಾರದೋ ಸಾಮಾನು ವಾಪಸು ಕೊಡುವವನ ಹಾಗೆ ಗಡಿಬಿಡಿಯಲ್ಲಿ ಹೇಳಿದ. "ಮಷಿನ್ ಓಡಿಸಿದ್ದು ನಾನೇ, ಅದು ನಿಜ. ಇಂಥ ಹಾಳೆ ರಾಶಿ ರಾಶಿ ಬಿದ್ದಿರುತ್ತೆ ಅಲ್ಲಿ, ನಾವು ಕಾಲೊರೆಸ್ತೀವಿ ಅದಕ್ಕೆ. ಆ ರಾಶಿಲಿ ಇದನ್ನ ನೋಡಿ ಎತ್ತಿಟ್ಟಿದ್ದು ಇವಳು. ನಿನ್ನೆವರೆಗೂ ನಾನು ಇವನ್ನ ಕಣ್ಣುಬಿಟ್ಟು ನೋಡೇ ಇಲ್ಲ. ಇವಳ ಹೆಸರು ಬರ್ಕೊಳ್ಳಿ."

ಅತ್ತಿಗೆಗೆ ಏನು ಮಾಡಬೇಕೋ ತೋಚಲಿಲ್ಲ. ಚಹಾ ಮಾಡುತ್ತೇನೆಂದು ಒಳಗೆ ಹೋಗಿ, ನೀರಿಟ್ಟು, ಒಲೆ ಹಚ್ಚುವುದನ್ನು ಮರೆತು ನಿಂತಳು. ಹಿಗ್ಗು ಅವಳಿಗೆ ನಿಜವಾಗಿಯೂ ಆಗಿತ್ತು. ಆದರೆ ಮೀನು ಹೋದ ಸಂಕಟ ಅದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ, ಎರಡೂ ಪಕ್ಕಪಕ್ಕದಲ್ಲೇ ಇದ್ದವು. ಹೊರಗಿನಿಂದ ಹುಡುಗಿ ಕರೆದು ಪೂರ್ತಿ ಹೆಸರು ಕೇಳಿದಾಗ, ಅವಳು ತನ್ನ ಹೆಸರನ್ನು ಅಡುಗೆಮನೆಯಿಂದಲೇ ಗಟ್ಟಿಯಾಗಿ ಹೇಳಿದಳು.

ಮುಂದಿನ ವಾರ ಹೊರೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕೇಳಿದರೆ, "ತರ್ತೀನಿ" ಎಂದಷ್ಟೇ ಅನ್ನುತ್ತಿದ್ದ. ಮುನಿಸಿಕೊಂಡಿದ್ದಾನೇನೋ ಎಂದು ಅತ್ತಿಗೆ ಸುಮ್ಮನಾದಳು.

ಒಂದು ಸಂಜೆ ಅವನು ಬಾಗಿಲಲ್ಲಿ ಅಡ್ಡಡ್ಡ ನಿಂತು ಒಳಗೆ ಬರಲು ಒದ್ದಾಡುತ್ತಿದ್ದ. ಎರಡೂ ಕೈಯಲ್ಲಿ ಒಂದೇ ಒಂದು ದೊಡ್ಡ ಹಾಳೆ, ಮಡಿಸಿಲ್ಲ, ಸುತ್ತಿಲ್ಲ. ಬಸ್ಸಿನಲ್ಲಿ ಜನರೆಲ್ಲ ಬೈದರಂತೆ. ಅಂಚುಗಳು ಸುಕ್ಕಾಗಿದ್ದವು, ಒಂದು ಮೂಲೆ ಹರಿದೂ ಇತ್ತು. ಅವನಿಗೆ ಅದರ ಕಡೆ ಗಮನವಿರಲಿಲ್ಲ.

"ಇವಳೇ, ಇದನ್ನ ಒಂಚೂರು ನೋಡು" ಎಂದ. "ನಂಗೇನೂ ಗೊತ್ತಾಗಲ್ಲ. ದಿನಾ ಮಧ್ಯಾಹ್ನ ರಾಶಿ ಮಗುಚ್ತಾ ಇದ್ದೆ. ಇದೊಂದರಲ್ಲಿ ಏನೋ ಕಂಡಂಗಾಯ್ತು."

"ಏನು ಕಾಣಿಸ್ತು?"

ಅವನು ಬೆರಳಿಟ್ಟು ತೋರಿಸಿದ. ದನದ ಔಷಧಿಯ ಪಟದ ಒಂದು ಆಡು. ಅದರ ಎದುರಿಗೆ ಬಣ್ಣದ ಡಬ್ಬಿಯ ಚಿತ್ರದ ಏಣಿ ಬಂದು ಬಿದ್ದಿತ್ತು. "ಆಡು ಏಣಿ ಹತ್ತೋಕೆ ಹೊರಟಿದೆ ಅನ್ನಿಸ್ತಪ್ಪ" ಎಂದ, ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.

ಅತ್ತಿಗೆ ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಹಾಳೆಯನ್ನು ಹರಡಿದಳು. ಬಗ್ಗಿ ನೋಡಿದಳು, ಹಿಂದೆ ಸರಿದು ನೋಡಿದಳು. ಅವನು ಊಟದ ಡಬ್ಬಿಯನ್ನೂ ಕೆಳಗಿಡದೆ ಕಾಯುತ್ತಿದ್ದ.

"ಹತ್ತುತ್ತಿಲ್ಲ ಕಣ್ರೀ" ಎಂದಳು. "ಕಾಲು ನೋಡಿ. ಇಳೀತಿದೆ."

"ಎಲ್ಲಿ?" ಎಂದು ಮಿಲಿಮೀಟರ್ ಕನ್ನಡಕ ಹಾಕಿಕೊಂಡು ಅವಳ ಪಕ್ಕದಲ್ಲಿ ಬಗ್ಗಿದ.