ಇನ್ನೂರಾ ಹನ್ನೆರಡನೇ ಪುಟ

ವಿನೋದಾ ನನ್ನ ಮಾತನ್ನು ಕದ್ದಿದ್ದಾಳೆ ಎಂದು ನನಗೆ ಖಾತ್ರಿಯಾದದ್ದು ತೊಂಬತ್ತೇಳರ ಜನವರಿಯಲ್ಲಿ, ಧಾರವಾಡದ ಒಂದು ವಿಚಾರ ಸಂಕಿರಣದಲ್ಲಿ. ಒಬ್ಬರೇ ಗೈಡ್ ಕೈಕೆಳಗೆ ಇಬ್ಬರೂ ಇಂಗ್ಲಿಷಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆವು, ಇಬ್ಬರದೂ ಆಫ್ರಿಕದ ಲೇಖಕಿಯರ ಮೇಲೆ. ಹಿಂಸೆ ಉಂಡ ಹೆಂಗಸರು ಅದನ್ನು ಹೇಗೆ ಹೇಳುತ್ತಾರೆ, ಹೇಗೆ ಹೇಳದೆ ಉಳಿಯುತ್ತಾರೆ ಎಂಬುದು ನನ್ನ ವಿಷಯ. ಅವಳು ಮೈಕಿನ ಮುಂದೆ ನಿಂತು, "ಗಾಯ ಮೊದಲು ಮನೆಯ ಸಾಮಾನುಗಳಲ್ಲಿ ಕಾಣಿಸುತ್ತದೆ, ಮಾತಿನಲ್ಲಿ ಬರುವುದು ಆಮೇಲೆ" ಎಂದಳು. ನನ್ನ ಮೂರನೇ ಅಧ್ಯಾಯದ ಮೊದಲ ಸಾಲು ಅದು. ಆ ಅಧ್ಯಾಯವನ್ನು ನನ್ನನ್ನು ಬಿಟ್ಟರೆ ನೋಡಿದ್ದವಳು ಟೈಪಿಸ್ಟ್ ಹಾಜರಾಬಿ ಒಬ್ಬಳೇ.

ಲೈನ್ ಬಜಾರಿನ ಮಹಡಿಯ ಖೋಲಿಯಲ್ಲಿ ಹಾಜರಾಬಿಯ ಟೈಪಿಂಗ್ ಕೆಲಸ. ವಿನೋದಾಳ ಹಾಳೆಗಳೂ ಅಲ್ಲಿಗೇ ಹೋಗುತ್ತಿದ್ದವು. ನನಗೆ ನಲವತ್ತೆರಡು ವರ್ಷ. ಮಾರ್ಚ್ ಕೊನೆಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿಯೇ ರದ್ದು. ವಿನೋದಾ ನನಗಿಂತ ಮೊದಲು ಸಲ್ಲಿಸಿದರೆ ಕಳ್ಳಿ ಅನ್ನಿಸಿಕೊಳ್ಳುವವಳು ನಾನು.

ಅದಕ್ಕೇ ಒಂದು ಬಲೆ ಹೆಣೆದೆ. ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪ್ರಸಂಗವನ್ನು ಆಫ್ರಿಕದ ಕಾದಂಬರಿಯದು ಎಂಬಂತೆ ಬರೆದು, ಇನ್ನೂರಾ ಹನ್ನೆರಡನೇ ಪುಟಕ್ಕೆ ಇಟ್ಟೆ. ಅದು ವಿನೋದಾಳ ಬರಹದಲ್ಲಿ ಕಂಡರೆ ಕಳ್ಳತನ ಕೈಗೆ ಸಿಕ್ಕಂತೆ. ಸಲ್ಲಿಸುವ ಮುಂಚೆ ನನ್ನ ಆ ಹಾಳೆ ತೆಗೆದು ಬೇರೆ ಸೇರಿಸಿದರಾಯಿತು. ಪ್ರಸಂಗ ಇಷ್ಟೇ: ಒಬ್ಬ ಹೆಂಗಸು ಮಲಗುವ ಮುಂಚೆ ಬಾಗಿಲ ಬುಡಕ್ಕೆ ಒಂದು ತಾಟು ಬೋರಲು ಇಟ್ಟು, ಅದರ ಮೇಲೆ ಹಿತ್ತಾಳೆ ತಂಬಿಗೆ ಇಡುತ್ತಾಳೆ. ಗಂಡ ಬಾಗಿಲು ದೂಡಿದರೆ ಅದು ಉರುಳಬೇಕು. ಏಟು ನಿದ್ದೆಯಲ್ಲಿ ಬೀಳಬಾರದು, ಅಷ್ಟೇ ಅವಳ ಆಸೆ. ಒಂದೇ ಕೂತಲ್ಲಿ ಬರೆದು ಮುಗಿಸಿದ್ದೆ.

ಒಂದು ವಾರ ಬಿಟ್ಟು ಹೋದಾಗ ಹಾಜರಾಬಿ ಕಟ್ಟು ಮುಂದಿಟ್ಟಳು. ಇನ್ನೂರಾ ಹನ್ನೊಂದರ ಆಮೇಲೆ ಖಾಲಿ ಹಾಳೆ.

"ಇದನ್ಯಾಕ ಬಿಟ್ಟೀರಿ?"

"ದಾಕ್ಷಾಯಿಣಿ ಬಾಯಾರ, ಉಳಿದ ಕಡೆ ಎಲ್ಲಾ ಪುಸ್ತಕದ ಪುಟದ ನಂಬರ ಹಾಕೀರಿ. ಇದಕ್ಕಿಲ್ಲ."

"ಮರತಿರಬೇಕು."

"ನೀವು? ಫುಲ್‌ಸ್ಟಾಪ್ ಬಿಟ್ರ ನನ್ನ ಜೀವಾ ತಿಂತೀರಿ." ಅವಳು ನನ್ನ ಕೈಬರಹದ ಹಾಳೆಯನ್ನು ಬೆನ್ನುಮೇಲಾಗಿ ಹಿಡಿದಳು. "ಇಲ್ಲೆ ಮುಟ್ಟಿ ನೋಡ್ರಿ. ಪೆನ್ನು ಎಷ್ಟ ಒತ್ತೀರಿ ಅಂದ್ರ ಅಕ್ಷರ ಆಚಿ ಕಡೆ ಎದ್ದಾವು. ಇನ್ನೂರ ಹಾಳಿ ಮಾಡೀನಿ, ಎಲ್ಲೂ ಹಿಂಗಿಲ್ಲ. ಈ ಹೆಣಮಗಳು ಆಫ್ರಿಕಾದಾಕಿ ಅಲ್ರಿ."

ಮಾತು ತಿರುಗಿಸಲೆಂದೇ ಕೇಳಿಬಿಟ್ಟೆ. "ನನ್ನ ಹಾಳಿ ವಿನೋದಾಗ ತೋರಿಸೀರೇನು?"

ಹಾಜರಾಬಿ ನಕ್ಕಳು. "ಹೋದ ವಾರ ಆಕಿನೂ ಇದನ್ನೇ ಕೇಳಿ ಹೋದ್ಲು, ದಾಕ್ಷಾಯಿಣಿ ಬಾಯಿಗೆ ನನ್ನವು ತೋರಿಸೀಯೇನು ಅಂತ. ಕಪಾಟಿನ ಕೀಲಿ ನನ್ನ ಸೊಂಟದಾಗ ಐತ್ರಿ."

"ಮತ್ತ ಆ ಗಾಯ, ಸಾಮಾನಿನ ಮಾತು ಆಕಿಗೆ ಹೆಂಗ ಸಿಕ್ತು?"

"ಅದು ನಿಮ್ಮ ಗೈಡ್ ಸರ್ ಅವರದು. ಐದು ವರ್ಷದ ಹಿಂದ ಅವರ ಲೇಖನಾ ನಾನೇ ಟೈಪ್ ಹೊಡದು ಕೊಟ್ಟಿದ್ದೆ. ಇಬ್ರೂ ಅವರ ಮಾತ ಎತ್ತಿ ನಂದು ನಂದು ಅಂತ ಬಡದಾಡ್ತೀರಿ."

ಹೌದು, ಸರ್ ಆ ಲೇಖನವನ್ನು ಇಬ್ಬರಿಗೂ ಓದಲು ಕೊಟ್ಟಿದ್ದರು.

"ಈಗ ಈ ಪುಟಕ್ಕ ಏನ ಹಾಕ್ಲಿ? ಮುಂದಿನವು ಎಲ್ಲಾ ಟೈಪ್ ಆಗ್ಯಾವು. ನಾಳಿ ಹೇಳ್ರಿ."

ಮನೆಗೆ ಹೋಗುವ ನವನಗರದ ಬಸ್ಸಿನಲ್ಲಿ ಆ ಕೈಬರಹದ ಹಾಳೆ ತೊಡೆಯ ಮೇಲಿತ್ತು. ಬೆರಳು ಅದರ ಬೆನ್ನನ್ನು ಸವರುತ್ತಲೇ ಇತ್ತು.

ಮನೆಯಲ್ಲಿ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಅಪ್ಪ ತೀರಿ ಒಂಬತ್ತು ವರ್ಷ. ಅಂದಿನಿಂದ ನಮ್ಮೂರು ಅಮ್ಮಿನಬಾವಿ ಬಿಟ್ಟು ನನ್ನ ಹತ್ತಿರ ಇದ್ದಾಳೆ. ಅಪ್ಪ ಹತ್ತಿ ವ್ಯಾಪಾರಿ, ಮಠದಲ್ಲಿ ಮೊದಲ ಸಾಲಿನ ಮನುಷ್ಯ. ಅವ್ವ ಇಲ್ಲಿಯೂ ಬಾಗಿಲಿಗೆ ತಂಬಿಗೆ ಇಟ್ಟೇ ಮಲಗುತ್ತಾಳೆ. ಯಾರಾದರೂ ಕೇಳಿದರೆ ಬೆಕ್ಕಿನ ಕಾಟ ಎನ್ನುತ್ತೇನೆ.

"ಅವ್ವಾ, ಬಾಗಲಕ್ಕ ತಂಬಗಿ ಇಡೋದನ್ನ ನಾ ಬರದೇನಿ."

ಅವಳ ಕೈ ನಿಂತಿತು. "ಯಾರ ಹೇಳಿದ್ರು ನಿನಗ? ನಿಮ್ಮ ಕಾಕಾ ಏನು?"

"ಯಾರೂ ಹೇಳಿಲ್ಲ. ತಂಬಗಿ ಬಿದ್ದಾಗೊಮ್ಮೆ ನಾ ಎಚ್ಚರ ಆಗ್ತಿದ್ದೆ."

ಮೊರ ತೊಡೆಯಿಂದ ಕೆಳಗಿಟ್ಟಳು. ನನ್ನ ಮುಖವನ್ನು ಹೊಸಬಳನ್ನು ನೋಡುವಂತೆ ನೋಡಿದಳು. "ಸುಳ್ಳ ಹೇಳಬ್ಯಾಡ. ನೀ ಗೊರಕಿ ಹೊಡೀತಿದ್ದಿ."

"ಬೇಕಂತ ಹೊಡೀತಿದ್ದೆ."

ಮೊರದಿಂದ ಒಂದು ಹರಳು ಆರಿಸಿ ಒಗೆದಳು. ಆಮೇಲೆ, "ಓದು, ಏನ ಬರದೀ" ಎಂದಳು.

ಇಂಗ್ಲಿಷಿನಲ್ಲಿದ್ದುದನ್ನು ನಮ್ಮ ಮಾತಿಗೆ ತರುತ್ತ ಓದಿದೆ. ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಹೇಳಿದಳು: "ಹಿತ್ತಾಳಿದಲ್ಲ, ತಾಮ್ರದ್ದು. ಹಿತ್ತಾಳಿದು ನಿಮ್ಮಪ್ಪ ಒಗದು ನಗ್ಗಿಸಿದ್ದ. ತಿದ್ದು."

"ತೆಗೀಲೇನು ಇದನ್ನ?"

"ಯಾಕ ತೆಗೀತಿ? ಆ ಬ್ಯಾರೆ ದೇಶದಾಕಿ ಹೆಸರ ತೆಗಿ." ಮೊರ ಮತ್ತೆ ತೊಡೆಗೆ ಬಂತು. "ನಂದೂ ಹಾಕಬ್ಯಾಡ."

ಮರುದಿನ ಮೂರನೇ ಅಧ್ಯಾಯದ ಮೊದಲ ಸಾಲಿನ ಕೆಳಗೆ ಸರ್ ಹೆಸರು ಸೇರಿಸಿ, ತಿದ್ದಿದ ಹಾಳೆಯನ್ನೂ ಹಾಜರಾಬಿಗೆ ಕೊಟ್ಟೆ. ಅವಳು ಯಂತ್ರಕ್ಕೆ ಹೊಸ ಹಾಳೆ ಏರಿಸಿ ತಲೆ ಎತ್ತಿದಳು.

"ಪುಸ್ತಕದ ನಂಬರ?"

"ಪುಸ್ತಕ ಅಲ್ರಿ. ಒಬ್ಬ ತಾಯಿ, ಅಮ್ಮಿನಬಾವಿ ಅಂತ ಹಾಕ್ರಿ."