ಆಮೆನ್‌ಗೆ ಮುಂಚೆ ಕಟ್ಟಾಗುವ ಫೋನು

ದಂತವೈದ್ಯರ ಕ್ಲಿನಿಕ್ಕಿನ ಫೋನು ಆರು ಸಲ ರಿಂಗಾಗಿ ತಾನಾಗಿಯೇ ಕಟ್ಟಾಗುತ್ತದೆ. ಒಟ್ಟು ಮೂವತ್ತು ಸೆಕೆಂಡು. ಚರ್ಚಿನಲ್ಲಿ ಹೇಳುವ ಕರ್ತನ ಪ್ರಾರ್ಥನೆಯನ್ನು ಅವಸರವಿಲ್ಲದೆ, ಮನಸ್ಸಿಟ್ಟು ಹೇಳಿದರೆ ಮೂವತ್ತನಾಲ್ಕು ಸೆಕೆಂಡು ಬೇಕು. ರಿಸೆಪ್ಷನಿಸ್ಟಳ ಕೆಲಸಕ್ಕೆ ಕುತ್ತು ಬಂದದ್ದು ಈ ನಾಲ್ಕು ಸೆಕೆಂಡಿನಿಂದ.

ತಿಂಗಳ ಹಿಂದಿನ ಕುತ್ತು ಬೇರೆಯಾಗಿತ್ತು. ನಿವೃತ್ತ ಹೆಡ್‌ಮೇಡಂ ಒಬ್ಬರು ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡ ಮೇಲೆ ದಿನಕ್ಕೆ ಐದು ಸಲ ಫೋನ್ ಮಾಡುತ್ತಿದ್ದರು. ಆರನೇ ಸಲ ಮಾಡಿದ ದಿನ ರಿಸೆಪ್ಷನಿಸ್ಟು, "ಹಲ್ಲು ಕೀಳೋದು ಡಾಕ್ಟರ ಕೆಲಸ ಮೇಡಂ, ಪ್ರಾಣ ಕೀಳೋದು ನಿಮ್ಮ ಕೆಲಸಾನಾ? ಅಪಾಯಿಂಟ್‌ಮೆಂಟ್ ಇಲ್ದೆ ಈ ಕಡೆ ತಲೆ ಹಾಕ್ಬೇಡಿ" ಎಂದು ಫೋನಿಟ್ಟಳು. ದೂರು ಡಾಕ್ಟರಿಗೆ ಹೋಯಿತು. ಅವಳು ತನ್ನ ಚರ್ಚಿನ ಪಾಸ್ಟರ ಬಳಿ ಹೋದಳು.

"ಬಾಯಿ ತೆರೆಯೋ ಮುಂಚೆ ಒಂದ್ಸಲ ಕರ್ತನ ಪ್ರಾರ್ಥನೆ ಹೇಳ್ಕೊಳ್ಳಮ್ಮ," ಅಂದರು ಪಾಸ್ಟರು. "ಪೂರ್ತಿ ಹೇಳ್ಬೇಕು. ಅರ್ಧಕ್ಕೆ ಬಿಟ್ರೆ ಅದು ದೇವರ ಜೊತೆ ಮಾತಲ್ಲ, ಮಿಸ್ಡ್ ಕಾಲು."

ಅವಳು ಪೂರ್ತಿ ಹೇಳತೊಡಗಿದಳು. ರಿಂಗಾದ ಕೂಡಲೇ ಕಣ್ಣು ಮುಚ್ಚುವುದು, ಕೈ ಜೋಡಿಸುವುದು, ಶುರು ಮಾಡುವುದು. ಆಮೆನ್ ಅನ್ನುವಷ್ಟರಲ್ಲಿ ಫೋನು ಸುಮ್ಮನಾಗಿರುತ್ತಿತ್ತು. ಇದನ್ನು ಅವಳು ಪ್ರಾರ್ಥನೆಯ ಫಲವೆಂದೇ ತಿಳಿದಳು. ಮೂರು ವಾರದಲ್ಲಿ ಒರಟು ಮಾತಿನ ದೂರು ಒಂದೂ ಬರಲಿಲ್ಲ. ಮಾತೇ ನಡೆಯದ ಮೇಲೆ ಒರಟು ಎಲ್ಲಿಂದ ಬರಬೇಕು?

"ಅಕ್ಕಾ, ಲೈನಲ್ಲಿ ನಿಮ್ಮ ದೇವರೇ ಇದ್ರೂ ಇಷ್ಟೊತ್ತಿಗೆ ಇಟ್ಬಿಡ್ತಿದ್ರು," ಎಂದಳು ಸಲಕರಣೆ ತೊಳೆಯುವ ನರ್ಸು.

"ದೇವರು ನಿನ್ ಥರ ಅಲ್ಲ, ಕಾಯ್ತಾನೆ."

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರು ಊದಿದ ಕೆನ್ನೆ ಹಿಡಿದುಕೊಂಡು ಬಂದರು. "ನಿಮ್ಮ ಕ್ಲಿನಿಕ್ಕಿಗೆ ಎಷ್ಟ್ ಸಲ ಮಾಡಿದ್ರೂ ಯಾರೂ ಎತ್ತಲ್ವಲ್ಲಮ್ಮ?" ಅವಳು ಕೆಮ್ಮಿ, ಚರ್ಚಿನ ಕಿಟಕಿಯ ಕಡೆ ನೋಡಿದಳು.

ಸೋಮವಾರ ಡಾಕ್ಟರು ರೋಗಿಗಳ ಖಾಲಿ ಕುರ್ಚಿಯ ಪಕ್ಕದಿಂದ ಎದ್ದು ಬಂದು ಅವಳ ಮೇಜಿಗೆ ಒರಗಿ ನಿಂತರು.

"ನೋಡಿ, ನಿಮ್ಮ ಭಕ್ತಿಗೆ ನಂದೇನೂ ತಕರಾರಿಲ್ಲ. ಎರಡನೇ ರಿಂಗಿಗೆ ಎತ್ಬೇಕು, ಎತ್ತಿ ಬೈಬಾರ್ದು. ಇವತ್ತು ನೋಡ್ತೀನಿ. ಆಗಲ್ಲ ಅಂದ್ರೆ ನಾಳೆಯಿಂದ ಬೇರೆಯವರು ಕೂರ್ತಾರೆ."

ಈ ಕೆಲಸಕ್ಕೆ ಮುಂಚೆ ಅವಳು ಎರಡು ಕಡೆ ಬಾಯಿಂದಲೇ ಕೆಲಸ ಕಳೆದುಕೊಂಡಿದ್ದಳು. ಮೂರನೆಯ ಸಲ ಪ್ರಾರ್ಥನೆಯಿಂದ ಕಳೆದುಕೊಂಡೆ ಎಂದು ಗಂಡನಿಗೆ ಹೇಳುವುದು ಹೇಗೆಂದು ಯೋಚಿಸುತ್ತಿರುವಾಗಲೇ ಫೋನು ರಿಂಗಾಯಿತು. ಹೆಡ್‌ಮೇಡಂ ನಂಬರು.

ಮೊದಲ ರಿಂಗಿಗೆ ಪ್ರಾರ್ಥನೆ ಶುರು ಮಾಡಿದಳು. ಎರಡನೆಯದಕ್ಕೆ ಡಾಕ್ಟರು ಕೆಮ್ಮಿದರು. ಫೋನ್ ಎತ್ತಿದಳು. ನಾಲಿಗೆಯ ತುದಿಯಲ್ಲಿದ್ದದ್ದು ಬೈಗುಳ. ಅದನ್ನು ತಡೆಯಲು ಬೇರೇನೂ ತೋಚದೆ ಪ್ರಾರ್ಥನೆಯನ್ನೇ ಜೋರಾಗಿ ಮುಂದುವರಿಸಿದಳು. ದಿನದ ಆಹಾರ ಕೇಳುವ ಸಾಲು ಮುಗಿಯಿತು.

"ಅದನ್ನ ನನಗೂ ಸೇರಿಸಿ ಕೇಳಮ್ಮ," ಎಂದರು ಹೆಡ್‌ಮೇಡಂ. "ಒಂದು ತಿಂಗಳಿಂದ ಹಾಲಲ್ಲಿ ಬ್ರೆಡ್ ನೆನೆಸಿ ನುಂಗ್ತಿದೀನಿ. ಎಡಗಡೆ ವಸಡು ಹುಣ್ಣಾಗಿದೆ."

"ಅಯ್ಯೋ! ಮುಂಚೇನೇ ಹೇಳ್ಬಾರ್ದಿತ್ತಾ ಮೇಡಂ?"

"ಯಾವಾಗ ಹೇಳ್ಲಿ? ಮೊದ್ಲು ನೀನು ಬೈತಿದ್ದೆ, ಆಮೇಲೆ ಎತ್ತೋದೇ ಬಿಟ್ಟೆ."

"ನೇರವಾಗಿ ಬರಬಹುದಿತ್ತಲ್ಲ?"

"ಅಪಾಯಿಂಟ್‌ಮೆಂಟ್ ಇಲ್ದೆ ತಲೆ ಹಾಕ್ಬೇಡಿ ಅಂದಿದ್ಯಾರು? ಮೂವತ್ತೆರಡು ವರ್ಷ ಮಕ್ಕಳಿಗೆ ನಿಯಮ ಪಾಲಿಸಿ ಅಂತ ಹೇಳಿದವಳು ನಾನು."

ಅವಳು ಮೂರು ವಾರ ಕೈ ಜೋಡಿಸಿ ಕೂತು ತನ್ನ ನಾಲಿಗೆಯನ್ನು ಕಾಪಾಡಿಕೊಂಡಿದ್ದಳು. ಆ ಮೂವತ್ತು ಸೆಕೆಂಡುಗಳಲ್ಲಿ ಆ ಕಡೆಯವರಿಗೆ ಏನಾಗಿರಬಹುದೆಂದು ಒಂದು ಸಲವೂ ಯೋಚಿಸಿರಲಿಲ್ಲ.

"ತಪ್ಪಾಯ್ತು ಮೇಡಂ. ಈಗಲೇ ಬನ್ನಿ. ನಿಯಮ ನಾನು ನೋಡ್ಕೋತೀನಿ."

ಹೆಡ್‌ಮೇಡಂ ಇಪ್ಪತ್ತು ನಿಮಿಷದಲ್ಲಿ ಬಂದರು. ಹುಣ್ಣು ಹೆಸರುಕಾಳಿನಷ್ಟಿತ್ತು. ಸೆಟ್ಟಿನ ಚೂಪಾದ ಅಂಚನ್ನು ಉಜ್ಜಿ ಸರಿ ಮಾಡಲು ಡಾಕ್ಟರಿಗೆ ಹಿಡಿದದ್ದು ಎರಡು ನಿಮಿಷ. ಸೆಟ್ಟು ಕೂರುತ್ತದೆಯೇ ಎಂದು ಪರೀಕ್ಷಿಸಲು ಹೆಡ್‌ಮೇಡಂ ಆಮೇಲೆ ಮೇಜಿನ ಮುಂದೆ ನಿಂತು, ಫೋನಿನಲ್ಲಿ ಹೇಗೆ ಮಾತಾಡಬೇಕೆಂದು ಹದಿನೈದು ನಿಮಿಷ ಪಾಠ ಮಾಡಿದರು. ಸೆಟ್ಟು ಚೆನ್ನಾಗಿಯೇ ಕೂತಿತ್ತು.

ಅವರು ಹೋದ ಮೇಲೆ ಡಾಕ್ಟರು, "ನಾಳೆ ಒಂಬತ್ತಕ್ಕೆ ಬನ್ನಿ," ಎಂದರು.

"ಮತ್ತೆ ಕೋಪ ಬಂದ್ರೆ ಸಾರ್?"

"ಬರಲಿ. ಮೊದ್ಲು ಫೋನ್ ಎತ್ತಿ."

ಫೋನು ರಿಂಗಾಯಿತು. ಎರಡನೇ ರಿಂಗಿಗೆ ಎತ್ತಿ, "ಹಲೋ, ಎಲ್ಲಿ ನೋವು, ಹೇಳಿ," ಎಂದಳು. ಆ ಕಡೆ ಪಾಸ್ಟರು. ನೋವು ಶುರುವಾದದ್ದು ಹೋದ ಮಂಗಳವಾರದ ಉಪವಾಸ ಕೂಟದಲ್ಲಿ ಎಂಬಲ್ಲಿಂದ ಆರಂಭಿಸಿದರು. ಅವಳು ಕಿವಿಗೊಟ್ಟು ಕೇಳುತ್ತಲೇ, ಕಣ್ಣು ಬಿಟ್ಟುಕೊಂಡು, ಒಳಗೊಳಗೇ ಪ್ರಾರ್ಥನೆ ಶುರು ಮಾಡಿದಳು. ಅವಳು ಆಮೆನ್ ತಲುಪಿದಾಗ ಅವರು ಇನ್ನೂ ಬುಧವಾರಕ್ಕೇ ಬಂದಿರಲಿಲ್ಲ. ಅವಳು ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು.