ಕಮಲಾಪುರದ ನಲವತ್ತೆರಡು ಮಕ್ಕಳ ತೂಕ

ಕಳೆದ ಆಷಾಢದಲ್ಲಿ ಕಮಲಾಪುರದ ನಮ್ಮ ಓಣಿಯ ಅಂಗನವಾಡಿಯಲ್ಲಿ ಒಂದು ಪವಾಡ ನಡೆಯಿತು. ನಲವತ್ತೆರಡು ಮಕ್ಕಳು ಒಂದೇ ತಿಂಗಳಲ್ಲಿ ತಲಾ ಒಂದೂವರೆ ಕಿಲೊದಷ್ಟು ತೂಕ ಏರಿದವು. ಆ ತಿಂಗಳು ಮೊಟ್ಟೆ ಬಂದಿರಲಿಲ್ಲ. ಹೆಸರುಕಾಳು ಬಂದಿತ್ತು, ಹುಳುಗಳ ಸಮೇತ. ಹನ್ನೊಂದು ಮಕ್ಕಳು ಜ್ವರದಿಂದ ವಾರವಿಡೀ ಮಲಗಿದ್ದವು. ಅವೂ ಏರಿದವು.

ನಾನು ದೇವರನ್ನು ನಂಬುವವನು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿದವನಲ್ಲ. ಆದರೆ ದೇವರು ಕೃಪೆ ಮಾಡುವಾಗ ಒಬ್ಬರನ್ನೂ ಬಿಡದೆ, ಹಾಜರಿ ಪುಸ್ತಕ ನೋಡಿಕೊಂಡು ಹಂಚಿದ್ದನ್ನು ಈ ಎಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಹಾಗೆಂದು ನಾನು ಏನೂ ಕೇಳಲಿಲ್ಲ. ಕೇಳುವುದು ನನ್ನ ಕೆಲಸವಾಗಿತ್ತು. ನಾನು ಆ ಅಂಗನವಾಡಿಯ ನಿಗಾ ಸಮಿತಿಯ ಸದಸ್ಯ.

ನಿಗಾ ಸಮಿತಿ ಎಂದರೆ ತಿಂಗಳಿಗೊಮ್ಮೆ ಚಹಾ ಕುಡಿದು ಪುಸ್ತಕದಲ್ಲಿ ಸಹಿ ಮಾಡುವ ಐವರು. ನನ್ನ ಹೆಂಡತಿ ಶಿವಕಾಂತಮ್ಮ ಅಲ್ಲಿ ಇಪ್ಪತ್ತಾರು ವರ್ಷ ಕಾರ್ಯಕರ್ತೆಯಾಗಿದ್ದಳು. ನಿವೃತ್ತಿಯ ಮೇಲೆ ಸಮಿತಿಯಲ್ಲಿದ್ದಳು. ಹೋದ ಕಾರ್ತಿಕದಲ್ಲಿ ಶಿವನ ಪಾದ ಸೇರಿದಳು. ಅವಳ ಜಾಗಕ್ಕೆ ನನ್ನನ್ನು ಹಾಕಿದರು. ಮನೆ ಹತ್ತಿರ, ಕೈ ನಡುಗುವುದಿಲ್ಲ, ಸಹಿ ಸ್ಪಷ್ಟ. ಬೇರೆ ಅರ್ಹತೆ ಯಾರೂ ಕೇಳಲಿಲ್ಲ. ಅವಳು ಕುಳಿತುಕೊಳ್ಳುತ್ತಿದ್ದ ಕುರ್ಚಿಯಲ್ಲೇ ಕುಳಿತು, ಅವಳು ಓದಿ ಮಾಡುತ್ತಿದ್ದ ಸಹಿಯನ್ನು ನಾನು ಓದದೆ ಮಾಡುತ್ತಿದ್ದೆ.

ಪವಾಡಕ್ಕೆ ಕಾರಣ ಹೊಸ ತೂಕದ ಯಂತ್ರ. ಕಲಬುರಗಿಯಲ್ಲಿ ಶಿಶು ಬೆಳವಣಿಗೆ ನಿಗಾ ಕೋಶ ಎಂಬ ಒಂದು ಕಚೇರಿ ಇದೆ. ಅವರು ಒಂದೇ ಸಲಕ್ಕೆ ಮುನ್ನೂರು ಯಂತ್ರ ಕೊಂಡು ಮುನ್ನೂರು ಅಂಗನವಾಡಿಗಳಿಗೆ ಹಂಚಿದರು. ಜೊತೆಗೆ ಮೊಬೈಲಿನಲ್ಲಿ ಒಂದು ಆ್ಯಪ್. ಮಗುವಿನ ತೂಕ ತುಂಬಿದರೆ ಅದು ಕೆಂಪು, ಹಳದಿ ಅಥವಾ ಹಸಿರು ಬಣ್ಣ ತೋರಿಸುತ್ತದೆ. ಹಸಿರು ಎಂದರೆ ಮಗು ಆರೋಗ್ಯವಾಗಿದೆ, ಕೆಂಪು ಎಂದರೆ ಆಸ್ಪತ್ರೆಗೆ ಚೀಟಿ. ತೂಕ ತುಸು ಹೆಚ್ಚೇ ಇಳಿದರೆ ಹತ್ತು ಪ್ರಶ್ನೆ ಕೇಳುತ್ತದೆ. ಏರಿದರೆ ಒಂದನ್ನೂ ಕೇಳುವುದಿಲ್ಲ. ಒಳ್ಳೆಯ ಸುದ್ದಿಯನ್ನು ಅನುಮಾನಿಸುವುದು ಸಭ್ಯರ ಲಕ್ಷಣವಲ್ಲ ಎಂದು ಅದನ್ನು ಮಾಡಿದವರು ತಿಳಿದಿರಬೇಕು. ಹಳೆಯ ತಕ್ಕಡಿಯ ಕಾಲದಲ್ಲಿ ಒಂಬತ್ತು ಹಳದಿ, ಮೂರು ಕೆಂಪು ಇದ್ದ ನಮ್ಮ ಅಂಗನವಾಡಿ ಒಂದೇ ತಿಂಗಳಲ್ಲಿ ಪೂರ್ತಿ ಹಸಿರಾಯಿತು. ಆಗಸ್ಟ್ ಕೊನೆಯ ಶುಕ್ರವಾರ ಕಲಬುರಗಿಯ ಸಮಾರಂಭದಲ್ಲಿ ಫಲಕ ಕೊಡುತ್ತೇವೆ ಎಂದು ಪತ್ರ ಬಂತು.

ಈಗಿನ ಕಾರ್ಯಕರ್ತೆ ಮಲ್ಲಿಕಾ ಆ ಪತ್ರವನ್ನು ನನಗೆ ಓದಿ ಹೇಳುತ್ತಿದ್ದಾಗಲೇ ಲತೀಫಾ ಬಂದಳು. ಅವಳ ಮೊಮ್ಮಗಳು ಸನೋಬರ್‌ಗೆ ಮೂರು ತುಂಬಲು ಎರಡು ತಿಂಗಳು ಬಾಕಿ. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು, ಮಗು ಅಜ್ಜಿಯ ಬಳಿ ಇತ್ತು. ಹಳೆಯ ಮೂರು ಕೆಂಪಿನಲ್ಲಿ ಅದೂ ಒಂದು. ಈಗ ಹತ್ತು ಕಿಲೊ ಏಳುನೂರು ಗ್ರಾಂ, ಹಸಿರು. ಲತೀಫಾ ಮಗುವನ್ನು ಕಂಕುಳಿಂದ ಇಳಿಸಲಿಲ್ಲ.

"ಟೀಚರ್, ನಿಮ್ಮ ಮಶೀನ್ ಕೂಸು ದಪ್ಪ ಆಗ್ಯಾದ ಅಂತದ. ನನ್ನ ಕೈ ಹಗುರಾಗ್ಯಾದ ಅಂತಾವ. ನಾ ಯಾರಿಗಿ ನಂಬ್ಲಿ?"

ಮಲ್ಲಿಕಾ ಮಗುವನ್ನು ಮತ್ತೆ ಯಂತ್ರದ ಮೇಲೆ ನಿಲ್ಲಿಸಿದಳು. ಹತ್ತು ಏಳುನೂರು. ಮತ್ತೊಮ್ಮೆ ನಿಲ್ಲಿಸಿದಳು. ಯಂತ್ರ ಸುಳ್ಳು ಹೇಳಿದರೂ ಮಾತಿಗೆ ತಪ್ಪುವುದಿಲ್ಲ. ಮತ್ತೆ ಹತ್ತು ಏಳುನೂರು. ಆಮೇಲೆ ಅವಳು ನನ್ನ ಕಡೆ ತಿರುಗಿ, ಶಿವಕಾಂತಮ್ಮನವರು ಇದ್ದಾಗ ಮೊದಲ ಸೋಮವಾರ ಅಂಗಡಿಯಿಂದ ಐದು ಕಿಲೊ ತೂಕದ ಕಲ್ಲು ತರುತ್ತಿದ್ದರಲ್ಲ, ನೆನಪಿದೆಯೇ ಎಂದು ಕೇಳಿದಳು.

ನೆನಪಿತ್ತು. ನಮ್ಮದು ಕೆಂಪು ಬಾಳೆಹಣ್ಣಿನ ಅಂಗಡಿ. ಶಿವಕಾಂತಮ್ಮ ಪ್ರತಿ ತಿಂಗಳು ಬಂದು ಕಲ್ಲು ಒಯ್ಯುತ್ತಿದ್ದಳು. ಗಿರಾಕಿಗಳ ಮುಂದೆ ನಾನು ಅವಳನ್ನು ಹಾಸ್ಯ ಮಾಡುತ್ತಿದ್ದೆ, ಮಕ್ಕಳಿಗೆ ಕಲ್ಲು ಉಣಿಸುತ್ತೀಯೇನು ಎಂದು. ಮೊದಲು ತಕ್ಕಡಿಯನ್ನು ತೂಗಿ, ಅದು ಸರಿಯಿದ್ದರೆ ಮಾತ್ರ ಮಕ್ಕಳನ್ನು ತೂಗುವುದು ಅವಳ ಪದ್ಧತಿ. ಯಾವ ಸುತ್ತೋಲೆಯಲ್ಲೂ ಅದು ಇರಲಿಲ್ಲ. ಆದ್ದರಿಂದ ಅವಳೊಂದಿಗೇ ಹೋಯಿತು.

ಅಂಗಡಿ ನೋಡಿಕೊಳ್ಳುವ ನನ್ನ ಮಗ ನೀಲಕಂಠನಿಂದ ಕಲ್ಲು ತರಿಸಿದೆವು. ಯಂತ್ರದ ಮೇಲಿಟ್ಟೆವು. ಐದು ಕಿಲೊದ ಕಲ್ಲು ಐದು ಕಿಲೊ ಎಂಟುನೂರು ತೂಗಿತು. ಕಲ್ಲು ಕೂಡ ಆಷಾಢದಲ್ಲಿ ಪುಷ್ಟಿಯಾಗಿತ್ತು.

ಮಗುವನ್ನು ಅಂಗಡಿಗೆ ಒಯ್ದು ಬಾಳೆಗೊನೆ ತೂಗುವ ಕಾಟಾದ ಮೇಲೆ ಕೂರಿಸಿದೆವು. ಒಂಬತ್ತು ಕಿಲೊ ಇನ್ನೂರು ಗ್ರಾಂ. ಭಾರ ಹೆಚ್ಚಿದಂತೆ ಯಂತ್ರದ ಸುಳ್ಳೂ ಹೆಚ್ಚುತ್ತಿತ್ತು. ಮಗುವಿನ ವಯಸ್ಸಿಗೆ ಆ ತೂಕ ಕಡುಗೆಂಪು. ನನ್ನ ಕಾಟಾಕ್ಕೆ ವರ್ಷ ವರ್ಷ ಸರಕಾರದವರು ಬಂದು ಮುದ್ರೆ ಹೊಡೆಯುತ್ತಾರೆ. ಮುದ್ರೆ ಇಲ್ಲದೆ ಒಂದು ಕಿಲೊ ಹಣ್ಣು ತೂಗಿದರೂ ದಂಡ. ಮಕ್ಕಳ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಒಂದು ಗುಬ್ಬಚ್ಚಿಯ ಚಿತ್ರವಿತ್ತು, ಮುದ್ರೆ ಇರಲಿಲ್ಲ. ಬಾಳೆಹಣ್ಣಿಗೆ ಮೋಸವಾಗಬಾರದು ಎಂಬ ವಿಷಯದಲ್ಲಿ ಈ ರಾಜ್ಯ ಬಹಳ ಎಚ್ಚರದಿಂದಿದೆ.

ಮಲ್ಲಿಕಾ ಆ್ಯಪ್‌ನಲ್ಲಿ ಸರಿಯಾದ ತೂಕ ತುಂಬಲು ಕುಳಿತಳು. ಆ ತಿಂಗಳ ತೂಕ ಆಗಲೇ ಸೇರಿ ಬೀಗ ಬಿದ್ದಿತ್ತು. ತೆರೆಯಬೇಕಾದರೆ ನಿಗಾ ಕೋಶದ ಅನುಮತಿ ಬೇಕು. ಹಸಿರು ಮಗುವಿಗೆ ಆಸ್ಪತ್ರೆಯ ಚೀಟಿಯನ್ನು ಆ್ಯಪ್ ಕೊಡುವುದಿಲ್ಲ. ಮುಂದಿನ ತಿಂಗಳವರೆಗೆ ಕಾಯಲು ಅವಳಿಗೆ ಧೈರ್ಯವಾಗಲಿಲ್ಲ. ಮಗು ಎರಡು ದಿನದಿಂದ ಗಂಜಿಯನ್ನೂ ಉಗುಳುತ್ತಿದೆ ಎಂದು ಲತೀಫಾ ಹೇಳಿದ್ದಳು.

ಮರುದಿನ ಬೆಳಿಗ್ಗೆ ನಾವು ಮೂವರು ಮಗುವಿನೊಂದಿಗೆ ಕಲಬುರಗಿಯ ಬಸ್ಸು ಹತ್ತಿದೆವು. ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡಿದ್ದೆ, ಕಲ್ಲನ್ನೂ. ಬಸ್ ನಿಲ್ದಾಣದಿಂದ ಆಟೋ ಹಿಡಿದು ಸೂಪರ್ ಮಾರ್ಕೆಟ್ ದಾಟಿ ನಿಗಾ ಕೋಶ ಸೇರುವಷ್ಟರಲ್ಲಿ ಹನ್ನೊಂದಾಯಿತು. ಅಲ್ಲಿನ ಅಧಿಕಾರಿ ಅಣವೀರಪ್ಪ ಸಜ್ಜನರು. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಮಗುವಿನ ಕೈಗೆ ಬಿಸ್ಕತ್ತು ಕೊಟ್ಟರು. ಅವರ ಹಿಂದಿನ ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ಇತ್ತು. ಮುಂಗಾರಿನ ತೊಗರಿ ಹೊಲದ ಹಾಗೆ ಹಸಿರೋ ಹಸಿರು.

ನಾನು ಕಲ್ಲನ್ನು ಅವರ ಮುಂದೆಯೇ ಯಂತ್ರದ ಮೇಲಿಟ್ಟೆ. ಅವರು ಎಂಟುನೂರು ಗ್ರಾಮನ್ನು ನೋಡಿದರು. ಕಲ್ಲನ್ನು ಅನುಮಾನಿಸಿದರು. ಅದರ ಮುದ್ರೆ ತೋರಿಸಿದೆ. ಆಗ ಯಂತ್ರದ ಕಡತ ತರಿಸಿ ಹುಡುಕಿದರು. ಗ್ಯಾರಂಟಿ ಚೀಟಿ ಸಿಕ್ಕಿತು, ಉದ್ಘಾಟನೆಯ ಫೋಟೊ ಸಿಕ್ಕಿತು, ಯಾರಾದರೂ ಯಂತ್ರವನ್ನು ಪರೀಕ್ಷಿಸಿದ ಕಾಗದ ಸಿಗಲಿಲ್ಲ. ಆದರೂ ಅವರು ಕೈಚೆಲ್ಲಲಿಲ್ಲ.

"ಯಜಮಾನ್ರ, ಮುನ್ನೂರು ಮಶೀನ್ ಒಂದೇ ಲಾಟಿನಾಗ ಬಂದಾವ. ನಿಮ್ದು ತಪ್ಪಂದ್ರ ಮುನ್ನೂರೂ ತಪ್ಪು. ಮುನ್ನೂರು ಒಮ್ಮೆಲೇ ತಪ್ಪಾಗ್ಲಾಕ ಹ್ಯಾಂಗ ಬರ್ತದ್ರಿ?"

ತಪ್ಪು ಒಂದು ಗಾತ್ರ ದಾಟಿದ ಮೇಲೆ ತಪ್ಪಾಗಿ ಉಳಿಯುವುದಿಲ್ಲ ಎಂಬ ಈ ತತ್ವ ನನಗೆ ಹೊಸದಾಗಿತ್ತು. ಮಲ್ಲಿಕಾ ಅದರ ತಂಟೆಗೆ ಹೋಗದೆ, ತನ್ನ ನಲವತ್ತೆರಡು ಮಕ್ಕಳ ತೂಕವನ್ನಾದರೂ ತಿದ್ದಲು ಬೀಗ ತೆಗೆಯಬೇಕೆಂದು ಬೇಡಿಕೊಂಡಳು. ಹಾಗೆ ಮಾಡಿದರೆ ಫಲಕ ಪಡೆಯುವ ಅಂಗನವಾಡಿ ಎಲ್ಲರಿಗಿಂತ ಕೆಳಗೆ ಬೀಳುತ್ತದೆ, ಬಿದ್ದವರಿಗೆ ನೋಟಿಸು ಹೋಗುತ್ತದೆ, ಎರಡನೆಯ ನೋಟಿಸಿಗೆ ಕೆಲಸವೇ ಹೋಗಬಹುದು ಎಂದು ಅವರು ತಂಗಿಗೆ ಹೇಳುವ ಹಾಗೆ ತಿಳಿಸಿ ಹೇಳಿದರು. ಆಮೇಲೆ ದನಿ ತಗ್ಗಿಸಿ ಒಂದು ಉಪಾಯ ಕೊಟ್ಟರು.

"ತಿಂಗಳಿಗಿ ಮುನ್ನೂರು ಗ್ರಾಂ ಕಡಿಮಿ ಮಾಡ್ಕೋತ ಬರ್ರಿ ಟೀಚರ್. ಐದ್ ತಿಂಗಳದಾಗ ಖರೇ ತೂಕಕ್ಕ ಬಂದ್ಬಿಡ್ತದ. ಅಷ್ಟು ಸಣ್ಣ ಇಳಿತಕ್ಕ ಆ್ಯಪೂ ಕೇಳಂಗಿಲ್ಲ, ಸಾಹೇಬ್ರೂ ಕೇಳಂಗಿಲ್ಲ."

"ಅಲ್ಲೀತನಕ ಈ ಕೂಸು ಏನ್ ಮಾಡ್ಬೇಕ್ರಿ?" ಎಂದಳು ಮಲ್ಲಿಕಾ.

"ಅಲ್ಲೀತನಕ ಹಸಿರೇ ಇರ್ತದಲ್ಲವಾ."

ಸನೋಬರ್ ಬಿಸ್ಕತ್ತನ್ನು ಕೈಯಲ್ಲಿ ಹಿಡಿದೇ ನಿದ್ದೆ ಹೋಗಿತ್ತು. ತಿಂದಿರಲಿಲ್ಲ.

ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಹೋದೆವು. ಅಲ್ಲಿ ಅಪೌಷ್ಟಿಕ ಮಕ್ಕಳಿಗೆಂದೇ ಒಂದು ವಾರ್ಡು ಇದೆ. ಬಾಗಿಲಲ್ಲಿದ್ದ ಗುಮಾಸ್ತ ಆ್ಯಪ್‌ನ ಕೆಂಪು ಚೀಟಿ ಕೇಳಿದ. ಇಲ್ಲವೆಂದೆವು. ತನ್ನ ಕಂಪ್ಯೂಟರಿನಲ್ಲಿ ನೋಡಿ, ಈ ಮಗು ಅಪೌಷ್ಟಿಕವಲ್ಲ ಎಂದ. ಮಗು ಅವನ ಎದುರೇ ಇತ್ತು, ಅಜ್ಜಿಯ ಹೆಗಲ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಅವನು ಅದನ್ನು ನೋಡುವ ಅಗತ್ಯವಿರಲಿಲ್ಲ. ಲತೀಫಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಅಷ್ಟರಲ್ಲಿ ಊಟ ಮುಗಿಸಿ ಬರುತ್ತಿದ್ದ ನರ್ಸ್ ತಬಸ್ಸುಮ್ ನಿಂತಳು. ಏನೂ ಕೇಳದೆ ಜೇಬಿನಿಂದ ಬಣ್ಣದ ಪಟ್ಟಿ ತೆಗೆದು ಮಗುವಿನ ತೋಳಿಗೆ ಸುತ್ತಿದಳು. ಹನ್ನೊಂದು ಸೆಂಟಿಮೀಟರ್ ಚಿಲ್ಲರೆ. ಪಟ್ಟಿಯ ಕೆಂಪು ಭಾಗ. ಆ ಪಟ್ಟಿಗೆ ಬ್ಯಾಟರಿ ಬೇಕಿರಲಿಲ್ಲ, ಬೀಗ ಇರಲಿಲ್ಲ.

"ಚೀಟಿ ಆಮ್ಯಾಗ ಬರ್ಲಿ. ಕೂಸು ಮೊದಲ ಬರ್ಲಿ," ಎಂದು ಲತೀಫಾಳ ಕೈಯಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಡಾಕ್ಟರರು ನೋಡಿ ಸೇರಿಸಿಕೊಂಡರು.

ಹೊರಗೆ ಬಂದು ತಬಸ್ಸುಮ್ ನಮಗೆ ಒಂದು ಸಂಗತಿ ಹೇಳಿದಳು. ಹಸಿರು ಊರುಗಳಿಂದ ಈ ತಿಂಗಳು ಬಂದವರಲ್ಲಿ ಸನೋಬರ್ ನಾಲ್ಕನೆಯದು. ವರದಿ ಕಳಿಸಿಲ್ಲವೇ ಎಂದು ಕೇಳಿದೆ. ಕಳಿಸಿದ್ದಾರೆ. ಆದರೆ ವಾರ್ಡಿನ ವರದಿ ಹೋಗುವುದು ಬೇರೆ ಇಲಾಖೆಗೆ, ಅಂಗನವಾಡಿಯ ವರದಿ ಹೋಗುವುದು ನಿಗಾ ಕೋಶಕ್ಕೆ. ಎರಡು ಕಚೇರಿಗಳೂ ಒಂದೇ ರಸ್ತೆಯಲ್ಲಿವೆ. ನಡುವೆ ಒಂದು ಕಬ್ಬಿನ ಹಾಲಿನ ಅಂಗಡಿ ಇದೆ. ಎರಡೂ ಕಡೆಯವರು ಅಲ್ಲಿಯೇ ಕುಡಿಯುತ್ತಾರಂತೆ. ಮಕ್ಕಳ ಮಾತು ಬರುವುದಿಲ್ಲವೆಂದು ಕಾಣುತ್ತದೆ.

ಶುಕ್ರವಾರ ಸಮಾರಂಭವಾಯಿತು. ಹೋಗದಿದ್ದರೆ ಅದಕ್ಕೂ ಕಾರಣ ಕೇಳುತ್ತಾರೆಂದು ಮಲ್ಲಿಕಾ ಹೋಗಿ ಫಲಕ ತಂದಳು. ನಿಗಾ ವ್ಯವಸ್ಥೆಯ ವಿಶ್ವಾಸಾರ್ಹತೆಯ ಬಗ್ಗೆ ಮೂರು ಭಾಷಣಗಳಾದವಂತೆ. ನಮ್ಮ ಅಂಗನವಾಡಿಯ ಸಹಾಯಕಿ ಗುಲ್ಶನ್ ಆ ಫಲಕವನ್ನು ಹೆಸರುಕಾಳಿನ ಡಬ್ಬಿಗೆ ಮುಚ್ಚಳ ಮಾಡಿದಳು. ಹುಳುಗಳು ಹೊರಗೆ ಬರುವುದು ಕಡಿಮೆಯಾಯಿತು. ಇಲಾಖೆ ಕೊಟ್ಟ ವಸ್ತುಗಳಲ್ಲಿ ಆ ತಿಂಗಳು ಕೆಲಸಕ್ಕೆ ಬಂದದ್ದು ಅದೊಂದೇ.

ಹದಿನೆಂಟು ದಿನದ ಮೇಲೆ ಸನೋಬರ್ ಮನೆಗೆ ಬಂದಳು. ಬಸ್ಸಿನಿಂದ ಇಳಿದವಳು ಅಜ್ಜಿಯ ಕೈ ಕೊಸರಿಕೊಂಡು ಓಡಿದಳು. ಲತೀಫಾ ನನ್ನನ್ನು ನೋಡಿ, ಸಾವ್ಕಾರ, ಎತ್ತಿಕೊಂಡರೆ ಈಗ ಕೈ ನೋಯುತ್ತದೆ ಎಂದು ಮಗುವಿನ ಮೇಲೆ ಚಾಡಿ ಹೇಳಿದಳು.

ಸೆಪ್ಟೆಂಬರಿನ ತೂಕದ ದಿನ ಬಂತು. ನಿಗಾ ಕೋಶದ ಯಂತ್ರವನ್ನು ಮೂಲೆಗಿಟ್ಟು, ಅಂಗಡಿಯ ಕಾಟಾವನ್ನು ನೀಲಕಂಠನಿಂದ ತರಿಸಿದೆವು. ಹಿಂದಿನ ರಾತ್ರಿ ಮಲ್ಲಿಕಾ ನಿದ್ದೆ ಮಾಡಿರಲಿಲ್ಲ ಎಂದು ಅವಳ ಕಣ್ಣು ಹೇಳುತ್ತಿತ್ತು. ಮುನ್ನೂರು ಗ್ರಾಮಿನ ಉಪಾಯ ಅವಳಿಗೆ ಗೊತ್ತಿತ್ತು, ಅವಳ ಮನೆಯಲ್ಲಿ ಸಂಬಳ ತರುವವಳು ಅವಳೊಬ್ಬಳೇ ಎಂಬುದೂ ಗೊತ್ತಿತ್ತು. ಖರೇ ತೂಕವನ್ನೇ ಬರೆ ಎಂದು ಹೇಳುವುದು ನನಗೆ ಸುಲಭವಿತ್ತು. ನೋಟಿಸು ಬರುವುದು ನನ್ನ ಹೆಸರಿಗಲ್ಲವಲ್ಲ.

ಮೊದಲು ಸನೋಬರ್. ಹತ್ತು ಕಿಲೊ ಮುನ್ನೂರು. ಹದಿನೆಂಟು ದಿನದಲ್ಲಿ ಒಂದು ಕಿಲೊಗೂ ಹೆಚ್ಚು ಏರಿದ್ದಳು, ಅದೂ ಖರೇ ತೂಕ. ಮಲ್ಲಿಕಾ ಅದನ್ನೇ ತುಂಬಿದಳು. ಆ್ಯಪ್ ಅದನ್ನು ಇಳಿಕೆ ಎಂದು ಓದಿ ಕೆಂಪಗಾಯಿತು. ಕಳೆದ ತಿಂಗಳಿಗಿಂತ ನಾನೂರು ಗ್ರಾಂ ಇಳಿಕೆ, ಕಾರಣ ಆರಿಸಿ ಎಂದಿತು. ಕಾರಣಗಳ ಪಟ್ಟಿಯಲ್ಲಿ ಕಾಯಿಲೆ ಇತ್ತು, ವಲಸೆ ಇತ್ತು, ತಾಯಿಯ ನಿರ್ಲಕ್ಷ್ಯ ಇತ್ತು. ಯಂತ್ರ ಇರಲಿಲ್ಲ. ಕೊನೆಯಲ್ಲಿ 'ಇತರೆ' ಇತ್ತು. ಅವಳು ಸ್ವಲ್ಪ ಹೊತ್ತು ಬೆರಳನ್ನು ಗಾಳಿಯಲ್ಲಿ ಹಿಡಿದಿದ್ದಳು. ಆಮೇಲೆ ಒತ್ತಿದಳು.

ಆ ಪುಟ್ಟ ಪೆಟ್ಟಿಗೆಯಲ್ಲಿ ಬರೆಯಲು ಮೂವತ್ತು ಅಕ್ಷರ ಹಿಡಿಯುತ್ತಿತ್ತು. 'ಹಿಂದಿನ ತೂಕ ಸುಳ್ಳು' ಎಂದು ಬರೆದಳು. ಸಮಿತಿ ಸದಸ್ಯರ ಹೆಸರು ಎಂಬಲ್ಲಿ ನನ್ನ ಹೆಸರು ಹಾಕಲು ನಾನೇ ಹೇಳಿದೆ. ಕಾಕಾ, ಓದಿ ನೋಡಿ ಹೇಳಿರಿ ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಓದಿದೆ. ಮೂರು ಸಲ ಓದಿದೆ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಲತೀಫಾಗೆ ಮೊಬೈಲಿನ ಕೆಂಪು ಕಂಡು ಗಾಬರಿಯಾಯಿತು.

"ಯಾ ಅಲ್ಲಾ, ಮತ್ತ ಕೆಂಪ? ನಮ್ಮ ಕೂಸು ಫೇಲಾಯ್ತೇನ್ ಟೀಚರ್?"

"ಕೂಸು ಪಾಸಾಗ್ಯಾಳ ಖಾಲಾ," ಎಂದಳು ಮಲ್ಲಿಕಾ. "ನಾ ಫೇಲಾಗೀನಿ. ಇನ್ನಾ ನಲವತ್ತೊಂದು ಸಲ ಆಗ್ಬೇಕು, ನಡೀರಿ, ಹಾದಿ ಬಿಡ್ರಿ."

ಗುಲ್ಶನ್ ಮುಂದಿನ ಮಗುವಿನ ಹೆಸರು ಕೂಗಿದಳು. ಫುರ್ಕಾನ್ ಎಂಬ ಆ ನಾಲ್ಕು ವರ್ಷದ ಹುಡುಗ ಹೊಸ ಬೂಟು ಬಿಚ್ಚಲು ಒಪ್ಪಲೇ ಇಲ್ಲ. ಬೂಟಿನ ಸಮೇತ ತೂಗಿದರೆ ಇನ್ನೂರು ಗ್ರಾಂ ಹೆಚ್ಚಾಗುತ್ತಿತ್ತು. ಮಲ್ಲಿಕಾ ನೆಲದ ಮೇಲೆ ಕುಳಿತು ಲಾಡಿ ಬಿಚ್ಚತೊಡಗಿದಳು.